ಮೂರನೇ ಸೆನ್ಸರಿನ ಹಳದಿ ಗೀಟು

ಹೆಸರು: ದಾಖಲೆಯಲ್ಲಿರುವಂತೆ ಮೇಲಿನ ಅಂಕಣದಲ್ಲಿ ಬರೆದುಕೊಂಡಿದ್ದಾರೆ. ಕಾರ್ಖಾನೆಯಲ್ಲಿ ಎಲ್ಲರೂ ತಂತಿಯಣ್ಣ ಎಂದು ಕರೆಯುತ್ತಾರೆ.
ವಯಸ್ಸು: 46 ವರ್ಷ.
ಉದ್ಯೋಗ: ರಟ್ಟಿನ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, 19 ವರ್ಷಗಳಿಂದ.
ವಾಸ: ಕಾರ್ಖಾನೆಯ ಹಿಂದಿನ ಗೇಟಿನಿಂದ 600 ಮೀಟರ್ ದೂರದ ಕಾರ್ಮಿಕರ ವಸತಿ, ಎರಡನೇ ಸಾಲು, ಕೊನೆಯ ಮನೆ.

ಠಾಣೆಯ ಬರಹಗಾರರ ಮುಂದೆ ಕುಳಿತು ನಾನು ಈ ಮೂಲಕ ತಿಳಿಸಬೇಕಾಗಿರುವುದೇನೆಂದರೆ, ಈ ತಿಂಗಳ 14ನೇ ತಾರೀಖು ಮಂಗಳವಾರ ಮಧ್ಯಾಹ್ನ ನಮ್ಮ ಕಾರ್ಖಾನೆಯ ಬಾಯ್ಲರ್ ಫ್ಯಾನ್ ಸಿಡಿದು ಸತ್ತವರು ನನ್ನ ಅಕ್ಕನ ಗಂಡ. ಅಲ್ಲಿಯೇ ಫಿಟ್ಟರ್ ಆಗಿದ್ದರು. ವಯಸ್ಸು 57. ಅಂದು ಸಂಜೆ 4.15ಕ್ಕೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಒಂದು ಹೇಳಿಕೆ ಕೊಟ್ಟಿದ್ದೆ. ಮೂರನೇ ಸೆನ್ಸರನ್ನು ನನ್ನ ಭಾವ ಸರಿಯಾಗಿ ಬಿಗಿ ಮಾಡಿರಲಿಲ್ಲ, ಹಾಗಾಗಿ ಫ್ಯಾನಿನ ಕಂಪನ ಗೊತ್ತಾಗಲಿಲ್ಲ ಎಂದು ಅದರಲ್ಲಿದೆ. ಕಾರ್ಖಾನೆಯವರು ತಮ್ಮ ವರದಿಯಲ್ಲಿ ಅದನ್ನೇ ಎತ್ತಿಕೊಂಡು, ಸಾವಿಗೆ ಮೃತರ ಅಜಾಗರೂಕತೆಯೇ ಕಾರಣ ಎಂದು ಬರೆದಿದ್ದಾರೆ. ಆ ಮಾತು ಸುಳ್ಳು. ಅದನ್ನು ಸರಿಪಡಿಸಲು ಇಂದು ನಾನಾಗಿಯೇ ಬಂದಿದ್ದೇನೆ. ಯಾರೂ ಕರೆಸಿಲ್ಲ.

ಮೊದಲು ಕೆಲಸದ ವಿಚಾರ. ಈ ಫ್ಯಾನ್ ಆಳೆತ್ತರ ಮೀರಿದ ಉಕ್ಕಿನ ಚಕ್ರ. ಅದರ ಎರಡು ಬೇರಿಂಗುಗಳ ಮೇಲೆ ಒಟ್ಟು ನಾಲ್ಕು ಕಂಪನ ಸೆನ್ಸರುಗಳಿವೆ, ಹೆಬ್ಬೆರಳಿನ ಗಾತ್ರದವು. ಅವುಗಳ ತಂತಿ 14 ಮೀಟರ್ ದೂರದ ಪ್ಯಾನೆಲ್ಲಿಗೆ ಬಂದು, ಅಲ್ಲಿರುವ ಮಾಡ್ಯೂಲ್ ಎಂಬ ಪೆಟ್ಟಿಗೆಗೆ ಸೇರುತ್ತದೆ. ಸೆನ್ಸರು ಕಳಿಸುವ ವೋಲ್ಟೇಜಿನ ಏರಿಳಿತವನ್ನು ಆ ಪೆಟ್ಟಿಗೆ ಒಂದು ಗೆರೆ, ಒಂದು ಅಂಕಿ ಮಾಡಿ ಪರದೆಯ ಮೇಲೆ ತೋರಿಸುತ್ತದೆ. ಅಂಕಿ ನಾಲ್ಕೂವರೆಯೊಳಗೆ ಇದ್ದರೆ ಮಾತ್ರ ಬೇರಿಂಗಿನ ಪಕ್ಕದ ಅಟ್ಟಣೆ ಹತ್ತಬಹುದು. ಏಳು ದಾಟಿದರೆ ಫ್ಯಾನ್ ತಾನಾಗಿಯೇ ನಿಲ್ಲುತ್ತದೆ.

ಸೆನ್ಸರಿಗೆ 24 ವೋಲ್ಟಿನ ಸರಬರಾಜು ಬೇಕು. ಆದರೆ ಮಾಡ್ಯೂಲಿನ ಕಿವಿ 10 ವೋಲ್ಟಿಗಿಂತ ಹೆಚ್ಚು ತಾಳುವುದಿಲ್ಲ. ಪೆಟ್ಟಿಗೆಗೆ ಎಂಥ ಕಿವಿ ಎಂದು ಬರಹಗಾರರು ಕೇಳಿದ್ದರಿಂದ ಹೇಳುತ್ತೇನೆ, ಒಂದೊಂದು ಸೆನ್ಸರಿನ ಸುದ್ದಿ ಒಳಗೆ ಹೋಗುವ ತೂತಿಗೆ ನಾವು ಹಾಗೆ ಅನ್ನುತ್ತೇವೆ. 24 ವೋಲ್ಟಿನ ತೂತೂ ಕಿವಿಯ ತೂತೂ ಪಕ್ಕಪಕ್ಕದಲ್ಲಿವೆ, ನಡುವೆ ಐದು ಮಿಲಿಮೀಟರ್. ಆದ್ದರಿಂದ ಫ್ಯೂಸ್ ತೆಗೆಯಬೇಕು, ಮೀಟರ್ ಹಿಡಿದು ವೋಲ್ಟೇಜ್ ಸತ್ತಿದೆ ಎಂದು ನೋಡಬೇಕು, ಆಮೇಲೆಯೇ ತಂತಿ ಸೇರಿಸಬೇಕು. ಹೊಸಬರಿಗೆ ಈ ಪಾಠ ಹೇಳಿಕೊಡುತ್ತಿದ್ದವನು ನಾನೇ.

ಸೇರಿಸಿದ ಮೇಲೆ ಬಡಿದು ನೋಡುವ ಪದ್ಧತಿ ಇದೆ. ಇದನ್ನು ಶುರುಮಾಡಿದವರು ಭಾವ. ಅವರು ಮರದ ಸುತ್ತಿಗೆಯಿಂದ ಸೆನ್ಸರಿನ ಪಕ್ಕ ಮೂರು ಸಲ ಬಡಿಯಬೇಕು. ಪರದೆಯ ಮೇಲೆ ಆ ಸೆನ್ಸರಿನ ಗೆರೆ ಮೂರು ಸಲ ಜಿಗಿಯುವುದನ್ನು ನಾನು ಕಣ್ಣಾರೆ ನೋಡಿ 'ಬಂತು' ಎಂದು ಕೂಗಬೇಕು. ನನ್ನ ದನಿ ಕೇಳುವ ತನಕ ಅವರು ಸುತ್ತಿಗೆ ಕೆಳಗಿಡುತ್ತಿರಲಿಲ್ಲ. ಗಂಟಲು ಕೆಟ್ಟು ನಾನು ಮೆಲ್ಲಗೆ ಕೂಗಿದ ದಿನ, ನನಗೆ ಕೇಳಬೇಕಯ್ಯಾ, ನಿನ್ನ ಹೆಂಡತಿಗಲ್ಲ ಎಂದು ಗದರಿದ್ದರು.

14ನೇ ತಾರೀಖು ಬೆಳಿಗ್ಗೆ 10.05ಕ್ಕೆ ಫ್ಯಾನ್ ನಿಲ್ಲಿಸಲಾಯಿತು. ಮೂರನೇ ಸೆನ್ಸರಿನ ತಂತಿಯನ್ನು ಇಲಿ ಕಡಿದಿತ್ತು. ಭಾವ ಹೊಸ ತಂತಿ ಎಳೆದು, ಸೆನ್ಸರನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದರು. 10.50ಕ್ಕೆ ಅವರ ಕೆಲಸ ಮುಗಿಯಿತು. ಈಗ ನಿನ್ನ ಪಾಳಿ ಮೈದುನ, ಬೇಗ ಮುಗಿಸಿದರೆ ಬಿಸಿಯಾಗಿ ಊಟ, ಇಲ್ಲದಿದ್ದರೆ ನಿಮ್ಮಕ್ಕನ ಡಬ್ಬಿಯೂ ಅವಳ ಹಾಗೇ ತಣ್ಣಗೆ ಮುಖ ತಿರುಗಿಸುತ್ತದೆ ಎಂದರು.

ಆ ಪ್ಯಾನೆಲ್ಲಿಗೆ ಇರುವುದು ಒಂದೇ ಫ್ಯೂಸ್. ಅದನ್ನು ತೆಗೆದರೆ ಓಡುತ್ತಿರುವ ನೀರಿನ ಪಂಪಿನ ಸೆನ್ಸರುಗಳೂ ಕಣ್ಣು ಮುಚ್ಚುತ್ತವೆ, ಪಂಪ್ ನಿಲ್ಲುತ್ತದೆ. 10.55ಕ್ಕೆ ಶಿಫ್ಟ್ ಸಾಹೇಬರಿಗೆ ಫೋನ್ ಮಾಡಿದೆ. ಪಂಪ್ ನಿಲ್ಲಬಾರದು, ಹನ್ನೊಂದೂಕಾಲಿಗೆ ಫ್ಯಾನ್ ತಿರುಗಬೇಕು ಎಂದು ಅವರು ಹೇಳಿದರು. ಫ್ಯೂಸ್ ತೆಗೆಯದೆ ತಂತಿ ಸೇರಿಸು ಎಂದು ಅವರು ಹೇಳಲಿಲ್ಲ. ಸೇರಿಸಲೇ ಎಂದು ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

11.02ಕ್ಕೆ ಫ್ಯೂಸ್ ಇದ್ದಂತೆಯೇ ತಂತಿ ಸೇರಿಸಲು ಹೋದೆ. ಸರಬರಾಜಿನ ತಂತಿ ಜಾರಿ ಪಕ್ಕದ ಕಿವಿಗೆ ತಾಗಿತು. ಸಾಸಿವೆ ಕಾಳಿನಷ್ಟು ಕಿಡಿ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಒಂದು ಉಸಿರಿನಷ್ಟು ಹೊತ್ತು ಇತ್ತು. ಸರಿಯಾದ ತೂತಿಗೆ ತಂತಿ ಸೇರಿಸಿ ಸ್ಕ್ರೂ ಬಿಗಿದೆ.

11.09ಕ್ಕೆ ಭಾವ ಬಡಿಯಲು ನಿಂತರು. ಒಂದನೆಯದು ಬಡಿದರು, ಗೆರೆ ಜಿಗಿಯಿತು, ಬಂತು ಎಂದೆ. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಸರಿಯಾಗಿ ಫೋನ್ ಬಂತು. ಸಾಹೇಬರು ಇನ್ನೂ ಎಷ್ಟು ಹೊತ್ತು ಎಂದು ಕೇಳಿದರು. ನಾನು ಗೋಡೆಯ ಕಡೆ ತಿರುಗಿ ಉತ್ತರ ಕೊಡುತ್ತಿದ್ದೆ. ಫ್ಯಾನ್ ನಿಂತಿದ್ದರಿಂದ ಶೆಡ್ಡು ನಿಶ್ಶಬ್ದವಾಗಿತ್ತು, ಸುತ್ತಿಗೆಯ ಮೂರು ಏಟು ನನ್ನ ಕಿವಿಗೆ ಚೆನ್ನಾಗಿ ಕೇಳಿಸಿತು. ಪರದೆ ನೋಡದೆ ಬಂತು ಎಂದು ಕೂಗಿದೆ. ಗಟ್ಟಿಯಾಗಿಯೇ ಕೂಗಿದೆ. ಅವರು ನಾಲ್ಕನೆಯದಕ್ಕೆ ಹೋದರು. ಅದನ್ನು ನೋಡಿದೆ, ಅದು ಬಂತು.

11.18ಕ್ಕೆ ಫ್ಯಾನ್ ಶುರುವಾಯಿತು. 11.40ಕ್ಕೆ ಪರದೆಯ ಮೇಲೆ ಒಂದನೆಯದು 3.1, ಎರಡನೆಯದು 2.8, ಮೂರನೆಯದು 0.2, ನಾಲ್ಕನೆಯದು 3.4 ಇತ್ತು. ಉಳಿದ ಮೂರು ಗೆರೆಗಳು ಹುಲ್ಲಿನಂತೆ ನಡುಗುತ್ತಿದ್ದವು. ಮೂರರ ಗೆರೆ ಎಳೆದು ಕಟ್ಟಿದ ದಾರದಂತಿತ್ತು. ತಿರುಗುವ ಯಂತ್ರದ ಮೇಲೆ ಕೂತ ಸೆನ್ಸರಿನ ಗೆರೆ ಹಾಗೆ ಇರುವುದಿಲ್ಲ. 19 ವರ್ಷದಲ್ಲಿ ಅಂಥದ್ದನ್ನು ಎರಡು ಸಲ ನೋಡಿದ್ದೇನೆ, ಎರಡು ಸಲವೂ ಕಿವಿ ಸುಟ್ಟಿತ್ತು. ಆ ಹೊತ್ತಿಗೆ ನನಗೆ ಗೊತ್ತಾಯಿತು. ಇದನ್ನು ಒತ್ತಿ ಬರೆದುಕೊಳ್ಳಬೇಕು. ಸಿಡಿದ ಮೇಲೆ ಗೊತ್ತಾದದ್ದಲ್ಲ, 11.40ಕ್ಕೇ ಗೊತ್ತಾಯಿತು.

ಹೇಳಿದ್ದರೆ ಫ್ಯಾನ್ ಮತ್ತೆ ನಿಲ್ಲಿಸಬೇಕಿತ್ತು. ಯಾಕೆ ಸುಟ್ಟಿತು ಎಂದು ಕೇಳುತ್ತಿದ್ದರು. ಊಟವಾದ ಮೇಲೆ, 1.30ಕ್ಕೆ, ಭಾವನನ್ನು ಪಕ್ಕಕ್ಕೆ ಕರೆದು ಮೊದಲು ಅವರಿಗೆ ಹೇಳೋಣ, ಅವರು ಬೈದು ಆಮೇಲೆ ಏನಾದರೂ ದಾರಿ ಹುಡುಕುತ್ತಾರೆ ಎಂದುಕೊಂಡೆ. ಚಿಕ್ಕಂದಿನಿಂದ ನನ್ನ ತಪ್ಪುಗಳಿಗೆ ದಾರಿ ಹುಡುಕಿದವರು ಅವರೇ. ಅಕ್ಕನನ್ನು ಮದುವೆಯಾದಾಗ ನನಗೆ ಹನ್ನೊಂದು ವರ್ಷ. ಬರಹಗಾರರು ವಿಷಯಕ್ಕೆ ಬನ್ನಿ ಎಂದಿದ್ದಾರೆ.

12.10ಕ್ಕೆ ನಾಲ್ಕನೆಯದು 4.3ಕ್ಕೆ ಏರಿತ್ತು. ನಾಲ್ಕನೆಯ ಸೆನ್ಸರು ನೋಡುವುದು ಮೇಲೆ ಕೆಳಗಿನ ಕಂಪನ, ಮೂರನೆಯದು ನೋಡುವುದು ಅಡ್ಡ ಕಂಪನ. ಎರಡೂ ಒಂದೇ ಬೇರಿಂಗಿನ ಮೇಲಿವೆ. ಅಂದು ಫ್ಯಾನ್ ಅಲುಗುತ್ತಿದ್ದುದು ಅಡ್ಡಡ್ಡ. ಬೇರಿಂಗಿನ ಬೋಲ್ಟುಗಳು ಅಡ್ಡಕ್ಕೆ ಕಿತ್ತು ಬಂದಿರುವುದು ಮಹಜರಿನಲ್ಲಿದೆ.

12.22ಕ್ಕೆ ಭಾವ ಗ್ರೀಸ್ ಗನ್ ಹಿಡಿದು ಅಟ್ಟಣೆಯ ಏಣಿಯ ಬುಡಕ್ಕೆ ಬಂದರು. ಅಟ್ಟಣೆಯ ಎತ್ತರ ಮೂರೂವರೆ ಮೀಟರ್. ಹತ್ತುವ ಮುಂಚೆ ಅಂಕಿ ಕೇಳುವುದು ನಿಯಮ. ನಾಲ್ಕು ಎಷ್ಟು ಎಂದು ಕೂಗಿ ಕೇಳಿದರು. ನಾಲ್ಕು ಪಾಯಿಂಟ್ ಮೂರು ಎಂದೆ. ಸ್ವಲ್ಪ ಹೆಚ್ಚೇ ಆಯಿತಲ್ಲ, ಮೂರು ಎಷ್ಟು ಎಂದರು. ನಾನು ಪರದೆ ನೋಡಿದೆ. ಸೊನ್ನೆ ಪಾಯಿಂಟ್ ಎರಡು ಎಂದೆ. ಅವರು ನಕ್ಕರು. ಇದೇನೋ, ನಿಮ್ಮಕ್ಕ ತವರಿಗೆ ಹೋದ ಮನೆ ಥರ ಇದೆಯಲ್ಲ, ಇಷ್ಟು ಶಾಂತಿ ನಾನು ಕಂಡೇ ಇಲ್ಲ ಎಂದರು. ನಾನೂ ನಕ್ಕೆ. ಅವರು ಏಣಿ ಹತ್ತಿದರು. ಹದಿಮೂರು ಮೆಟ್ಟಿಲು. ಕೂಗಿ ಇಳಿಸಲು ನನಗೆ ಅಷ್ಟು ಹೊತ್ತು ಇತ್ತು.

12.26ಕ್ಕೆ ಫ್ಯಾನ್ ಸಿಡಿಯಿತು. ಸದ್ದಿನ ಬಗ್ಗೆ ಇತರ ಸಾಕ್ಷಿಗಳು ಹೇಳಿದ್ದಾರೆ. ಅಟ್ಟಣೆಯ ಕಂಬಿ ಒಳಕ್ಕೆ ಮಡಚಿಕೊಂಡಿತ್ತು. ಭಾವನ ಬಲಗೈಯ ಗವಸು ಪ್ಯಾನೆಲ್ಲಿನ ಮುಂದೆ, ನನ್ನ ಕಾಲಿನಿಂದ ಒಂದು ಮೀಟರ್ ದೂರದಲ್ಲಿ ಬಿದ್ದಿತ್ತು. ಓಡುವ ಮುಂಚೆ ನಾನು ಪರದೆಯ ಕಡೆ ನೋಡಿದೆ, ಯಾಕೆ ನೋಡಿದೆನೋ ಗೊತ್ತಿಲ್ಲ. ಮೂರನೆಯದು 0.2. ಸಿಡಿಯುವ ಮುಂಚೆ, ಸಿಡಿಯುವಾಗ, ಸಿಡಿದ ಮೇಲೆ, ಅದು 0.2 ಎಂದೇ ಹೇಳುತ್ತಿತ್ತು.

12.51ಕ್ಕೆ ಆಂಬುಲೆನ್ಸ್ ಬಂತು. 1.40ಕ್ಕೆ ವೈದ್ಯರು ತೀರಿಕೊಂಡಿದ್ದಾರೆ ಎಂದರು. ಸಂಜೆ ಕಾರಿಡಾರಿನಲ್ಲಿ ಹೇಳಿಕೆ ಬರೆಯುವಾಗ ಶಿಫ್ಟ್ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಮೂರರ ಅಂಕಿ ಕಡಿಮೆ ಬಂದಿದ್ದು ಯಾಕೆ ಎಂದು ಪೊಲೀಸರು ಕೇಳಿದರು. ಸೆನ್ಸರು ಸಡಿಲ ಇದ್ದಿರಬೇಕು, ಪಾಪ, ಗಡಿಬಿಡಿಯಲ್ಲಿ ಬಿಗಿ ಮಾಡಲು ಮರೆತಿರಬೇಕು ಎಂದು ಸಾಹೇಬರು ಹೇಳಿದರು. ಹೌದೇನ್ರೀ ಎಂದು ಪೊಲೀಸರು ನನ್ನನ್ನು ಕೇಳಿದರು. ನಾನು ತಲೆಯಾಡಿಸಿದೆ. ಬಾಯಿಂದ ಹೇಳಲಿಲ್ಲ, ಆದರೆ ಸಹಿ ನನ್ನದೇ.

15ನೇ ತಾರೀಖು ಸಂಜೆ 6 ಗಂಟೆಗೆ ಅಕ್ಕನ ಮನೆಯಲ್ಲಿದ್ದೆ. ಅಕ್ಕ ಭಾವನ ಕೆಲಸದ ಇನ್ನೊಂದು ಅಂಗಿ ಒಗೆಯಲು ತೆಗೆದಾಗ ಜೇಬಿನಿಂದ ಹಳದಿ ಪೇಂಟಿನ ಸಣ್ಣ ಬಾಟಲಿ ಬಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಕೇಳಿದಳು, ಅವರು ಬಿಗಿ ಮಾಡದೆ ಬಿಟ್ಟರಂತೆ ಹೌದೇನೋ, ರಾತ್ರಿ ಮಲಗುವ ಮುಂಚೆ ಬಾಗಿಲ ಚಿಲಕ ಮೂರು ಸಲ ಎಳೆದು ನೋಡೋ ಮನುಷ್ಯ ಕಣೋ ಅದು. ವಿಚಾರಿಸುತ್ತೇನೆ ಅಕ್ಕ ಎಂದೆ. ಅವಳು ಬಾಟಲಿ ಕೆಳಗಿಟ್ಟಳು. ನನಗೆ ಬಡಿಸಿದಳು. ತಿಂದೆ.

17ನೇ ತಾರೀಖು ಬೆಳಿಗ್ಗೆ 10.30ಕ್ಕೆ ಸ್ಥಳ ಮಹಜರಿಗೆ ನನ್ನನ್ನೂ ಕರೆದಿದ್ದರು. ಮುರಿದ ಬೇರಿಂಗಿನ ಚೂರಿನ ಮೇಲೆ ಮೂರನೇ ಸೆನ್ಸರು ಹಾಗೆಯೇ ಕೂತಿತ್ತು. ಇದೇ ಠಾಣೆಯ ಪೇದೆಯೊಬ್ಬರು ಕೈಯಿಂದ ತಿರುಗಿಸಲು ನೋಡಿದರು, ಆಗಲಿಲ್ಲ. ಸ್ಪ್ಯಾನರ್ ಹಾಕಿ ಎರಡನೇ ಸಲ ಎಳೆದಾಗ ಬಿಟ್ಟಿತು. ಸೆನ್ಸರಿನಿಂದ ಬೇರಿಂಗಿನ ಮೇಲಕ್ಕೆ ಒಂದು ಹಳದಿ ಗೀಟು ಇತ್ತು. ಮಹಜರಿನಲ್ಲಿ 'ಬಣ್ಣದ ಗುರುತು' ಎಂದು ಬರೆದುಕೊಂಡಿದ್ದಾರೆ. ಅದೇನೆಂದು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. ಸೆನ್ಸರನ್ನು ಪೂರ್ತಿ ಬಿಗಿ ಮಾಡಿದ ಮೇಲೆಯೇ ಭಾವ ಆ ಗೀಟು ಎಳೆಯುತ್ತಿದ್ದರು. ಕೂದಲೆಳೆಯಷ್ಟು ಸಡಿಲವಾದರೂ ಗೀಟು ತುಂಡಾಗಿ ಎರಡು ಬದಿ ಬೇರೆಯಾಗುತ್ತದೆ. ಸ್ಪ್ಯಾನರ್ ಹಾಕುವ ತನಕ ಅದು ತುಂಡಾಗಿರಲಿಲ್ಲ. ಪೇದೆಯವರು ತೆಗೆದ ಫೋಟೋದಲ್ಲಿ ನೋಡಬಹುದು.

ಆದುದರಿಂದ ನನ್ನ ಭಾವ ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರು. ಫ್ಯೂಸ್ ತೆಗೆಯದೆ ತಂತಿ ಸೇರಿಸಿದವನು ನಾನು. ನೋಡದೆ ಬಂತು ಎಂದವನು ನಾನು. ಗೊತ್ತಿದ್ದೂ 0.2 ಎಂದವನು ನಾನು. ಮಾಡ್ಯೂಲನ್ನು ಕಾರ್ಖಾನೆಯವರು ಬದಲಿಸುವ ಮುಂಚೆ ಅದರ ಮೂರನೇ ಕಿವಿಯನ್ನು ಬಿಚ್ಚಿ ನೋಡಿಸಬೇಕೆಂದು, ನನ್ನ ಹಿಂದಿನ ಹೇಳಿಕೆಯಲ್ಲಿ ಭಾವನ ಬಗ್ಗೆ ಇರುವ ಸಾಲನ್ನು ಹೊಡೆದುಹಾಕಬೇಕೆಂದು ಕೋರುತ್ತೇನೆ. ಸಾಲು ಹೊಡೆಯಲು ಬರುವುದಿಲ್ಲ, ಇದನ್ನು ಅದರ ಜೊತೆಗೆ ಲಗತ್ತಿಸುತ್ತೇವೆ ಎಂದು ಬರಹಗಾರರು ತಿಳಿಸಿದ್ದಾರೆ.

ಇನ್ನೊಂದು ಕೋರಿಕೆ ಇದೆ. ನನ್ನ ಅಕ್ಕ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಳೆ. ಎಲ್ಲಿಗೆ, ಯಾಕೆ ಎಂದು ಕೇಳದೆ ಜೊತೆಗೆ ಬಂದಿದ್ದಾಳೆ. ನಾನು ಸಹಿ ಮಾಡಿದ ಮೇಲೆ ಅವಳನ್ನು ಒಳಗೆ ಕರೆದು, ಇದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಬೇಕು. ಓದುವಾಗ ನಾನು ಇಲ್ಲಿಯೇ, ಈ ಸ್ಟೂಲಿನ ಮೇಲೆಯೇ ಇರುತ್ತೇನೆ.

ಬರೆದುಕೊಂಡಿದ್ದನ್ನು ನನಗೆ ಓದಿ ತೋರಿಸಿದ್ದಾರೆ. ನಾನು ಹೇಳಿದ್ದು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ. ಈ ಸಲ ನನ್ನ ಹೆಗಲ ಮೇಲೆ ಯಾರ ಕೈಯೂ ಇಲ್ಲ.

ಸ್ಥಳ: ಠಾಣೆ, ಬರಹಗಾರರ ಕೊಠಡಿ
ದಿನಾಂಕ: 18, ಶನಿವಾರ, ಬೆಳಿಗ್ಗೆ 11.40
ಸಹಿ: (ತಂತಿಯಣ್ಣ), ಮೃತರ ಮೈದುನ