ಹತ್ತು ವರ್ಷದ ಬ್ಯಾಟರಿ

ಬೋವಿಕಾನದ ಬ್ಯಾಟರಿ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದ ವಸುಮತಿಯ ಕಿವಿಯೆಲ್ಲ ಪಕ್ಕದಲ್ಲಿ ನಿಂತಿದ್ದ ಗಂಡಹೆಂಡಿರ ಮೇಲಿತ್ತು. ಮಂಚ, ಒಲೆ, ಫ್ಯಾನು ಎಲ್ಲ ಇರುವ, ಅವರು ಮನೆಯ ಹಾಗೆ ವಾಸಿಸುತ್ತ ಊರೂರು ತಿರುಗುವ ವ್ಯಾನು ಹೊರಗೆ ನಿಂತಿತ್ತು. ಗಂಡ ಅದರ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದ.

“ಈ ಸಲ ಲಿಥಿಯಂ ಹಾಕುವ. ಘಾಟಿಯಲ್ಲಿ ಆಸಿಡ್ ಚೆಲ್ಲುವ ರಗಳೆ ಇಲ್ಲ.”

“ಬೇಡ. ಹಳೆ ನಮೂನೆಯದ್ದೇ ಸಾಕು.”

“ನಿನ್ನ ಸೀರೆ ಸುಟ್ಟದ್ದು ಅದೇ ಅಲ್ಲವಾ?”

“ಸುಡಲಿ. ಲಿಥಿಯಂ ಎಷ್ಟು ಸಮಯ ಬರ್ತದೆ?”

“ಹತ್ತು ವರ್ಷ ಧೈರ್ಯದಲ್ಲಿ ತಿರುಗಬಹುದು.”

“ಆಸಿಡಿನದ್ದು?”

“ಹೆಚ್ಚೆಂದರೆ ಮೂರು.”

“ಹಾಗಾದರೆ ಅದನ್ನೇ ತಗೊಳ್ಳಿ. ಮೂರು ವರ್ಷ ನೀವು ಹೇಳಿದಲ್ಲಿಗೆ ಬರ್ತೇನೆ. ಮತ್ತೆ ನನಗೊಂದು ಮನೆ ಬೇಕು.”

ತಿರುಗುತ್ತಿದ್ದ ಕೀಲಿಕೈ ನಿಂತಿತು. ಗಂಡ ಆಸಿಡಿನದ್ದರ ಕಡೆಗೆ ಕೈ ತೋರಿಸಿ, ಕೀಲಿಕೈಯನ್ನು ಹೆಂಡತಿಯ ಕೈಗಿಟ್ಟು ಹೊರಗೆ ನಡೆದ.