ಎರಡು ಕೈಗೆ ಎರಡು ಬಂಗುಡೆ

ಅಧ್ಯಕ್ಷ ಸ್ಥಾನವನ್ನು ಅಲಂಕರಿಸಿರುವ ಮುಖ್ಯೋಪಾಧ್ಯಾಯರೇ, ವೇದಿಕೆಯ ಮೇಲಿನ ಗಣ್ಯರೇ, ಈ ಕಾಪುವಿನ ಮಕ್ಕಳನ್ನು ಇಷ್ಟು ವರ್ಷ ಓಡಿಸಿ ಇಂದು ನಿವೃತ್ತರಾಗುತ್ತಿರುವ ನನ್ನ ಗುರುಗಳಾದ ರೊಸಾರಿಯೊ ಮಾಸ್ತರರೇ, ಮುಂದಿನ ಸಾಲಿನಲ್ಲಿರುವ ನನ್ನ ಅಮ್ಮ ಗುಣವತಿಯವರೇ, ಹಿಂದಿನ ಸಾಲಿನಲ್ಲಿ ಐಸ್‌ಕ್ಯಾಂಡಿ ಚೀಪುತ್ತಿರುವ ಮಕ್ಕಳೇ ಮತ್ತು ಎಲ್ಲ ಸಭಿಕರೇ,

ಸರಿಯಾದ ಓಟದಿಂದ ಮೈದಾನದ ಆಟಗಳಲ್ಲಿ ವೇಗ ಹೇಗೆ ಹೆಚ್ಚುತ್ತದೆ ಎಂಬ ಬಗ್ಗೆ ಐದು ನಿಮಿಷ ಮಾತನಾಡಲು ನನಗೆ ಅಪ್ಪಣೆಯಾಗಿದೆ. ಕಾರ್ಕಳದಲ್ಲಿ ನಾನೂ ವ್ಯಾಯಾಮ ಶಿಕ್ಷಕಿ. ಮೈಕು ಸಿಕ್ಕಿದ ಶಿಕ್ಷಕಿಯ ಐದು ನಿಮಿಷ ಎಂದರೆ ಎಷ್ಟೆಂದು ನಿಮಗೆ ಗೊತ್ತೇ ಉಂಟು.

ವೇಗ ಎಲ್ಲಿದೆ? ಕಾಲಿನಲ್ಲಿ ಎನ್ನುತ್ತೀರಿ. ಅಲ್ಲ, ಸ್ವಾಮಿ, ಕೈಯಲ್ಲಿದೆ. ಕೈ ಬೀಸಿದಂತೆ ಕಾಲು ಬರುತ್ತದೆ. ಮೊಣಕೈ ಮಡಚಿ ಹಿಂದಕ್ಕೆ ಬೀಸಬೇಕು. ಹೊರಡುವಾಗ ಮೈ ಮುಂದಕ್ಕೆ ಬಾಗಬೇಕು, ಹೆಜ್ಜೆ ಗಿಡ್ಡ ಇರಬೇಕು. ಮುಷ್ಟಿ ಬಿಗಿದರೆ ಹೆಗಲು ಬಿಗಿಯುತ್ತದೆ, ಹೆಗಲು ಬಿಗಿದರೆ ಓಟ ಮುಗಿಯಿತು. ಹಾಕಿಯಲ್ಲಿ ಚೆಂಡು ನಮ್ಮ ಬಳಿ ಇರುವುದು ಸ್ವಲ್ಪ ಹೊತ್ತು. ಉಳಿದ ಹೊತ್ತು ಅದರ ಬಳಿಗೆ ಮೊದಲು ಯಾರು ಮುಟ್ಟುತ್ತಾರೆ ಎಂಬುದೇ ಆಟ.

ಇದನ್ನೆಲ್ಲ ನಾನು ಕಲಿತದ್ದು ಎಪ್ಪತ್ತನಾಲ್ಕನೇ ಇಸವಿಯಲ್ಲಿ, ಇದೇ ಶಾಲೆಯ ಹತ್ತನೇ ತರಗತಿಯಲ್ಲಿ. ಆಗ ನಾನು ಹೇಗೆ ಓಡುತ್ತಿದ್ದೆ ಗೊತ್ತೇ? ಬಲಗೈಯಲ್ಲಿ ಹಾಕಿ ಸ್ಟಿಕ್, ಎಡಗೈ ತಲೆಯ ಪಕ್ಕ! ನನ್ನ ಅಮ್ಮ ಮೀನು ಮಾರುವವರು. ಬೆಳಿಗ್ಗೆ ಕಡಲ ಬದಿಯಿಂದ ಮೊದಲ ಬಸ್ಸಿನವರೆಗೆ ಒಂದು ಬುಟ್ಟಿ ಅವರದು, ಒಂದು ನನ್ನದು. ಕುತ್ತಿಗೆ ನೇರ, ಒಂದು ಕೈ ಬುಟ್ಟಿಗೆ, ಕಾಲು ಮಾತ್ರ ಚುರುಕು. ಮೈದಾನಕ್ಕೆ ಬಂದರೂ ಕೈ ತಾನಾಗಿಯೇ ಮೇಲೆ ಹೋಗುತ್ತಿತ್ತು.

"ಸುಗಂಧಿ, ನಿನ್ನ ತಲೆಯ ಮೇಲೆ ಎಂತ ಉಂಟು?" ಎಂದು ಮಾಸ್ತರರು ಕೇಳಿದರು.

"ಎಂತ ಇಲ್ಲ ಸರ್."

"ಮತ್ತೆ ಕೈ ಯಾಕೆ ಅಲ್ಲಿ ಉಂಟು?"

ಬೈದು ನೋಡಿದರು, ಕೈಗೆ ದಾರ ಕಟ್ಟಿ ನೋಡಿದರು. ಕೊನೆಗೆ ಒಂದು ದಿನ ಸ್ಟಿಕ್ ಬದಿಗಿಡಿಸಿ ನನ್ನ ಎರಡು ಕೈಗೆ ಎರಡು ಬಂಗುಡೆ ಮೀನು ಕೊಟ್ಟರು. ಓಡುವಾಗ ಬೀಳಬಾರದು, ಹಿಸುಕಲೂಬಾರದು. ಕೈ ತಲೆಗೆ ಹೋದರೆ ಮೀನಿನ ನೀರು ಜಡೆಗೆ ಇಳಿಯುತ್ತಿತ್ತು. ಹದಿನೈದು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಪಾಠ ಬೇಕೇ?

ಬಂಗುಡೆಯನ್ನು ಮಾಸ್ತರರು ಕೊಳ್ಳುತ್ತಿದ್ದದ್ದು ನನ್ನ ಅಮ್ಮನ ಬಳಿಯೇ. ದಿನಾ ಎರಡು, ಗಟ್ಟಿ ಇರುವುದೇ ಬೇಕು ಎಂದು ಹಟ. ಒಂಟಿ ಮನುಷ್ಯ, ನಾಲಿಗೆ ಚಪಲ ಎಂದುಕೊಂಡಿದ್ದ ಅಮ್ಮ ಒಂದು ಸಂಜೆ ಮೈದಾನದ ಬದಿಯಲ್ಲಿ ಹೋಗುವಾಗ ಆ ಮೀನನ್ನು ನನ್ನ ಕೈಯಲ್ಲಿ ಕಂಡರು. ಮಾಸ್ತರರು ಎಲ್ಲವನ್ನೂ ವಿವರಿಸಿದರು. ಅಮ್ಮ ಎಲ್ಲವನ್ನೂ ಕೇಳಿ, ಮಣಿಪಾಲದ ಪಂದ್ಯದಲ್ಲಿ ಜಿಲ್ಲಾ ತಂಡಕ್ಕೆ ಇವಳನ್ನು ಆರಿಸಿದರೆ ಕಾಲೇಜಿಗೆ ಹೋಗಿ ಓಡಲಿ, ಇಲ್ಲವಾದರೆ ಬೇಸಿಗೆಯಿಂದ ಬುಟ್ಟಿಗೆ ಬರಲಿ ಎಂದು ಹೇಳಿ ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಣಿಪಾಲದಲ್ಲಿ ಆರಿಸುವವರು ಕುರ್ಚಿ ಹಾಕಿ ಕುಳಿತಿದ್ದರು. ನನಗೆ ಹೆದರಿಕೆ. ಹೆದರಿದ ಕೈ ಎಲ್ಲಿಗೆ ಹೋಗುತ್ತದೆ? ತಲೆಗೆ! ಎದುರಿನ ತಂಡದ ಹುಡುಗಿಯರು ನಕ್ಕರು. ಆಟ ಮುಗಿಯುತ್ತಾ ಬಂದಿತ್ತು, ಎರಡೂ ಕಡೆ ಗೋಲಿಲ್ಲ. ಚೆಂಡು ಬಲಬದಿಯ ಗೆರೆಯ ಹತ್ತಿರ ಉರುಳಿತು. ನಾನು ಹೊರಟೆ. ಆಗ ಗೆರೆಯ ಆಚೆಯಿಂದ ಒಂದು ದನಿ:

"ಸುಗಂಧೀ, ಬಂಗುಡೆ! ಬಂಗುಡೆ!"

ನೋಡಿದರೆ ಅಮ್ಮ, ಮೀನು ಮಾರಿ ಮುಗಿಸಿ ನೇರ ಅಲ್ಲಿಗೇ ಬಂದಿದ್ದರು. ಖಾಲಿ ಬುಟ್ಟಿಯನ್ನು ನೆಲಕ್ಕೆ ಎಸೆದು, ಗೆರೆಯ ಹೊರಗೆ ನನ್ನ ಜೊತೆಗೇ ಓಡುತ್ತಿದ್ದಾರೆ. ಮೊಣಕೈ ಮಡಚಿದೆ, ಮುಷ್ಟಿ ಸಡಿಲ, ಮೈ ಮುಂದಕ್ಕೆ. ಮಾಸ್ತರರು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಇಲ್ಲಿಯೂ ಮೀನು ಬಂತಲ್ವಾ ಮಾರಾಯ ಎಂದು ಯಾರೋ ಅಂದರಂತೆ. ನನ್ನ ಕೈ ಕೆಳಗಿಳಿಯಿತು. ಎಲ್ಲರಿಗಿಂತ ಮೊದಲು ಚೆಂಡು ಮುಟ್ಟಿದೆ, ಒಳಗೆ ತಳ್ಳಿದೆ, ನಮ್ಮ ತಂಡದ ಬರ್ತಾ ಗೋಲು ಹೊಡೆದಳು. ಸಂಜೆ ತಂಡದ ಹೆಸರು ಓದುವಾಗ ನನ್ನ ಹೆಸರೂ ಇತ್ತು.

ಹಿಂದೆ ಬರುವಾಗ ಬಸ್ಸಿನಲ್ಲಿ ಉಡುಪಿ ದಾಟಿದ ಮೇಲೆ ಅಮ್ಮ ನನ್ನ ಅಂಗೈ ತಿರುಗಿಸಿ ನೋಡಿ ಹೇಳಿದರು: "ನಾಳೆಯಿಂದ ಬುಟ್ಟಿ ಮುಟ್ಟಬೇಡ. ಕೈ ಹಾಳಾಗ್ತದೆ."

ಮರುದಿನದಿಂದ ನನ್ನ ಬುಟ್ಟಿಗಾಗಿ ಅವರು ಕಡಲ ಬದಿಗೆ ಎರಡನೇ ಸಲ ನಡೆದರು. ಇದನ್ನು ಇಲ್ಲಿ ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ, ಬಾಯಿಗೆ ಬಂತು. ಅಮ್ಮ ಆಗಲೇ ಸಾಕು, ಕುಳಿತುಕೋ ಎಂದು ಕೈಸನ್ನೆ ಮಾಡುತ್ತಿದ್ದಾರೆ.

ಮಾಸ್ತರರೇ, ನಿಮಗಾಗಿ ಅಮ್ಮ ಇವತ್ತೂ ಎರಡು ಬಂಗುಡೆ ತಂದಿದ್ದಾರೆ, ಹುರಿದು. ಇವನ್ನು ಹಿಡಿದು ಯಾರೂ ಓಡುವುದಿಲ್ಲ, ನೀವು ಕುಳಿತು ತಿನ್ನಬೇಕು.

ಕೇಳಿದ ನಿಮಗೆಲ್ಲ ವಂದನೆಗಳು. ನನ್ನ ಕೈ ಕೆಳಗೆ ಇಳಿಸಿದವರು ಒಬ್ಬರು, ಆ ಕೈಯನ್ನು ಖಾಲಿ ಮಾಡಿಕೊಟ್ಟವರು ಇನ್ನೊಬ್ಬರು. ಅದೇ ಎರಡು ಕೈ ಜೋಡಿಸಿ ಇಬ್ಬರಿಗೂ, ನಿಮಗೂ, ನಮಸ್ಕಾರ.