ದೋಣಿ ಕೊಂದಿಲ್ಲ: ಶಂಕರಲಿಂಗ ಸರ್ ನೆನಪಿನ ಸಭೆಯಲ್ಲಿ ನಿಖತ ಟೀಚರ್ ಆಡಿದ ಮಾತು

ವೇದಿಕೆಯ ಮೇಲಿನ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಸರ್ ಅವರ ಪತ್ನಿ ಶೀಲಾ ಅಕ್ಕಾರ, ಸರ್ ಅವರ ತಮ್ಮ ಶಿವಪ್ರಕಾಶ ಅವರೇ, ನನ್ನ ಸಹೋದ್ಯೋಗಿಗಳೇ, ಸರ್ ಕಡೆ ಬ್ರಶ್ ಹಿಡಿಯೂದು ಕಲಿತ ಮಕ್ಕಳೇ — ಎಲ್ಲರಿಗೂ ನನ್ನ ಶರಣು, ನನ್ನ ಸಲಾಮು.

ನಾನು ನಿಖತ. ನವನಗರದ ನಮ್ಮ ಹೈಸ್ಕೂಲಿನ್ಯಾಗ ಗಣಿತ ಕಲಿಸ್ತೇನಿ. ಶಂಕರಲಿಂಗ ಸರ್ ಡ್ರಾಯಿಂಗ್ ಕಲಿಸ್ತಿದ್ರು. ಹದಿನೇಳು ವರ್ಷ ಸ್ಟಾಫ್ ರೂಮಿನ್ಯಾಗ ನಮ್ಮ ಕುರ್ಚಿ ಬಾಜೂಕ ಬಾಜೂಕ ಇದ್ವು. ಅವರು ಲಿಂಗೈಕ್ಯರಾಗಿ ಇವತ್ತಿಗೆ ಹದಿನೈದು ದಿನ.

ನಾಲ್ಕು ಛಲೋ ಮಾತು ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಸರಳ ಜೀವಿ, ಮೃದು ಸ್ವಭಾವ, ತುಂಬಲಾರದ ನಷ್ಟ — ಇಂಥಾವು. ಆದ್ರ ನನಗಿಂತ ಮೊದಲ ಮಾತಾಡಿದ ಹಿರಿಯರು ಏನಂದ್ರು, ಕೇಳಿದ್ರಲ್ಲ? "ಬಂಗಾರದಂಥಾ ಮನುಷ್ಯಾ, ಆದ್ರ ಆ ಹಳೀ ದೋಣಿ ಹುಚ್ಚು ಅವರನ್ನ ತಿಂತು" — ಹಿಂಗಂದ್ರು. ಮನಿಯವರ ಮುಂದ ಅಂದ್ರು. ನೀವೂ ಗೋಣು ಹಾಕಿದ್ರಿ. ಪೇಪರಿನವರೂ ಇದನ್ನ ಬರದ್ರು — "ಪರವಾನಿಗೆ ಇಲ್ಲದ ಹಳೆ ದೋಣಿಯಲ್ಲಿ ದುಸ್ಸಾಹಸ, ಶಿಕ್ಷಕ ಸಾವು."

ಕ್ಷಮಾ ಮಾಡ್ರಿ. ಬಾಯಿಪಾಠ ಮಾಡಿದ್ದು ಎಲ್ಲಾ ಮರತೀನಿ. ನನಗ ಸಿಟ್ಟು ಬಂದೈತಿ. ದೋಣಿ ಅವರನ್ನ ಕೊಂದಿಲ್ಲ. ಏನಾತು ಅನ್ನೂದನ್ನ ನಾ ಹೇಳ್ತೇನಿ, ಕುಂತು ಕೇಳ್ರಿ.

ಹನ್ನೊಂದು ವರ್ಷದ ಹಿಂದಿನ ಮಾತು. ಹಿನ್ನೀರಿನ ದಂಡಿ ಮ್ಯಾಲ ಗುರಪ್ಪಜ್ಜ — ಅಗೋ, ಆ ಕಂಬದ ಹತ್ರ ಕುಂತಾರಲ್ಲ, ಅವರ — ಕೊಡ್ಲಿ ಹಿಡದು ತಮ್ಮ ದೋಣಿ ಒಡಿಯಾಕತ್ತಿದ್ರು. ಒಂದು ಕಾಲಕ್ಕ ಅದರಾಗ ಮಂದಿನ ಹೊಳಿ ದಾಟಿಸ್ತಿದ್ರು. ಸೇತುವಿ ಆತು, ಬಸ್ಸು ಬಂತು, ದೋಣಿ ಹತ್ತವರು ಯಾರೂ ಉಳಿಲಿಲ್ಲ. ಒಲಿಗೆ ಕಟ್ಟಿಗಿ ಆಗ್ಲಿ ಅಂತ ಒಡಿಯಾಕತ್ತಿದ್ರು. ಸರ್ ಸೈಕಲ್ ಒಗದು ಓಡಿ ಹೋಗಿ ಕೊಡ್ಲಿ ಹಿಡಕೊಂಡ್ರಂತ. "ಅಜ್ಜಾ, ಇದರ ಹೆಸರೇನು?" ಅಂದ್ರಂತ. ಗುರಪ್ಪಜ್ಜಗ ನಗಿ ಬಂತು. ದೋಣಿಗೆ ಯಾರು ಹೆಸರು ಕೇಳ್ತಾರ? ಆದ್ರೂ ಹೇಳಿದ್ರು — "ಸಿದ್ದವ್ವ. ನಮ್ಮವ್ವನ ಹೆಸರು." "ಅವ್ವನ ಮ್ಯಾಲ ಕೊಡ್ಲಿ ಎತ್ತಬಾರದು ಅಜ್ಜಾ" ಅಂದ್ರು ಸರ್. ಸಿದ್ದವ್ವ ಅವತ್ತಿಂದ ಸರ್ ದೋಣಿ ಆತು.

ಎಷ್ಟಿತ್ತು ಅದು? ಉದ್ದ — ಈ ಮೈಕಿನಿಂದ ಆ ಖಿಡಕಿ ತನಕ. ಅಗಲ — ನಾ ಎರಡೂ ಕೈ ಚಾಚಿದ್ರ ಮುಗೀತು. ಮೂರು ಕಡೆ ನೀರು ಒಸರ್ತಿತ್ತು. ಒಂದು ಬ್ಯಾಸಗಿ ಸೂಟಿ ಪೂರಾ ಸರ್ ಹತ್ತಿ ತುಂಬಿ ಡಾಂಬರ ಮೆತ್ತಿದ್ರು. ಕರೇ ಬೆರಳು ತಗೊಂಡು ಸಾಲಿಗೆ ಬರ್ತಿದ್ರು, ನಾವು ನಗ್ತಿದ್ವಿ. ಹುಟ್ಟು ಹಾಕೂದು ಗುರಪ್ಪಜ್ಜ ಕಲಿಸಿದ್ರು. ಹಾಯಿ ಕಟ್ಟೂದು ಮಾತ್ರ ಅಜ್ಜಗೂ ಗೊತ್ತಿರಲಿಲ್ಲ. ಮೊದಲ ತಾಡಪತ್ರಿ ಕಟ್ಟಿದ್ರು, ಒಂದ ಗಾಳಿಗೆ ಹರೀತು. ಆಮ್ಯಾಲ ಇಳಕಲ್ಲಿಗೆ ಹೋಗಿ, ನೇಕಾರ ದುಂಡೇಶ ಅವರ ಕಡೆ ದಪ್ಪ ನೂಲಿನ ಅರಬಿ ನೇಯಿಸಿದ್ರು. ದುಂಡೇಶ ಅವರಿಗೆ ಕೈ ಸುಮ್ನಿರಲಿಲ್ಲ ನೋಡ್ರಿ — ಹಾಯಿಗೂ ಕೆಂಪು ದಡಿ ಇಟ್ಟು ಕೊಟ್ರು! "ಸಿದ್ದವ್ವ ಅಂದ್ರ ಹೆಣ್ಣಮಗಳು, ದಡಿ ಇಲ್ಲದ ಸೀರಿ ಉಡಸೂದು ಸರಿ ಅಲ್ರಿ ಸರ್" ಅಂದ್ರಂತ. ಸೇತುವಿ ಮ್ಯಾಲ ಹೋಗೂ ಬಸ್ಸಿನ್ಯಾಗಿನ ಮಂದಿ ಖಿಡಕಿಯಿಂದ ಕೈ ತೋರಿಸ್ತಿದ್ರು — "ನೋಡ್ರಲೇ, ಸೀರಿ ಉಟ್ಟ ದೋಣಿ!"

ಆ ದೋಣ್ಯಾಗ ಸರ್ ಎಲ್ಲಿಗೆ ಹೋಗ್ತಿದ್ರು? ನಡುಗಡ್ಡಿಗೆ. ನೀರು ಹಿಂದ ಸರದಾಗ ಗುಡ್ಡದ ನೆತ್ತಿ, ಮುಳುಗಿದ ಹೊಲದ ದಿಬ್ಬ, ಒಂದೊಂದು ಗಡ್ಡಿ ಆಗಿ ಮ್ಯಾಲ ಏಳ್ತಾವು. ನಾವೆಲ್ಲಾ ಇಲ್ಲೇ ಹುಟ್ಟಿದವರು, ಇಷ್ಟು ಗಡ್ಡಿ ಅದಾವು ಅಂತ ನಮಗ ಗೊತ್ತಿರಲಿಲ್ಲ. ಸರ್ ಒಂದೊಂದಕ್ಕೂ ಹೆಸರಿಟ್ರು — ಹುಣಸಿ ಗಡ್ಡಿ, ಕುರಿ ಗಡ್ಡಿ, ಹಕ್ಕಿ ಗಡ್ಡಿ.

ನನ್ನನ್ನೂ ಒಮ್ಮಿ ಕರಕೊಂಡು ಹೋಗಿದ್ರು. ಹುಣಸಿ ಗಡ್ಡಿಗೆ ಹೋದ್ವಿ, ಸರಿ. ವಾಪಸ್ ಬರಬೇಕಾದ್ರ ನಡು ನೀರಾಗ ಗಾಳಿ ನಿಂತುಬಿಡ್ತು. ಹಾಯಿ ಜೋತು ಬಿತ್ತು. ಒಂದು ತಾಸು, ಎರಡು ತಾಸು, ಮೂರು ತಾಸು! ನಾ ಒದರಾಡಿದೆ — "ಸರ್, ನನ್ನ ಮನ್ಯಾಗ ಏನಂತಾರ? ಹುಟ್ಟು ಹಾಕ್ರಿ!" ಅವರು ಚೀಲದಿಂದ ಅಮೀನಗಡದ ಕರದಂಟು ತಗದು ನನ್ನ ಕೈಯಾಗ ಇಟ್ರು. "ಟೀಚರ್, ಹುಟ್ಟು ಹಾಕಿದ್ರ ಅರ್ಧಾ ತಾಸಿನ್ಯಾಗ ದಣಿತೀವಿ, ನಡುವ ಉಳಿತೀವಿ. ನಾಲ್ಕಕ್ಕ ಪಡುವಣ ಗಾಳಿ ಬರ್ತೈತಿ. ತಿನ್ರಿ" ಅಂದ್ರು. ಗಡಿಯಾರ ನೋಡಿಕೊಂತ ಕುಂತೆ. ನಾಲ್ಕಕ್ಕ ಹತ್ತು ನಿಮಿಷ ಇತ್ತು — ದಡಿ ಅಲುಗಿತು. ಹಾಯಿ ಹಗ್ಗ ನನ್ನ ಕೈಗೆ ಕೊಟ್ರು. ಯಪ್ಪಾ! ನೀರು ದೋಣಿ ತಳಕ್ಕ ಬಡಿಯೂ ಸಪ್ಪಳ, ಹಗ್ಗ ಜಗ್ಗೂ ಜೋರು — ನಾ ಚಿಕ್ಕ ಹುಡಿಗಿಗತೆ ಚೀರಿದೆ. ಹೆದರಿ ಅಲ್ಲ.

ಇವರನ್ನ ದುಸ್ಸಾಹಸಿ ಅಂತಾರ! ಹನ್ನೊಂದು ವರ್ಷ ದಿನಾ ಮುಂಜಾನೆ ಗಾಳಿ ಯಾವ ಕಡೆ ಅಂತ ವಹಿಯೊಳಗ ಬರದಾರ. ಲೈಫ್ ಜಾಕೆಟ್ ಹಾಕದವರನ್ನ ದೋಣಿ ಹತ್ತಿಸಿಲ್ಲ. ನಮ್ಮ ಹೆಡ್‌ಮಾಸ್ತರಿಗೇ "ಇವತ್ತ ಗಾಳಿ ಸರಿ ಇಲ್ರಿ" ಅಂತ ದಂಡಿಯಿಂದ ವಾಪಸ್ ಕಳಿಸ್ಯಾರ. ಯಾವ ಗಡ್ಡಿ ಹತ್ರ ಯಾವ ಬಂಡೆಗಲ್ಲು ನೀರೊಳಗ ಅಡಗೇತಿ ಅಂತ ನಕಾಶಿ ಬರದು, ಹಿನ್ನೀರು ನೋಡಿಕೊಳ್ಳೂ ಸರಕಾರಿ ಆಫೀಸಿಗೆ ಕೊಟ್ಟು ಬಂದಾರ. ಆಫೀಸಿನವರು ಏನ್ ಮಾಡಿದ್ರು? "ಸ್ವೀಕರಿಸಲಾಗಿದೆ" ಅಂತ ಶಿಕ್ಕಾ ಹೊಡದ್ರು. ಅಷ್ಟ.

ಮತ್ತ ಪರವಾನಿಗೆ! ಯಾರು ಅಂದವರು, ಅರ್ಜಿ ಹಾಕಿಲ್ಲ ಅಂತ? ನಾಲ್ಕು ಸಲ ಹಾಕ್ಯಾರ. ಫಾರ್ಮಿನ್ಯಾಗ ಒಂದು ಕಾಲಂ ಐತಂತ — "ಇಂಜಿನ್ನಿನ ಶಕ್ತಿ ಎಷ್ಟು?" ಸರ್ ಬರದ್ರು — "ಇಂಜಿನ್ ಇಲ್ಲ, ಗಾಳಿ." "ಅಪೂರ್ಣ ಅರ್ಜಿ" ಅಂತ ವಾಪಸ್ ಬಂತು. ಎರಡನೇ ಸಲ ಖಾಲಿ ಬಿಟ್ರು — ಅಪೂರ್ಣ. ಮೂರನೇ ಸಲ ಸೊನ್ನಿ ಬರದ್ರು — "ಸೊನ್ನೆ ಶಕ್ತಿಯ ದೋಣಿಗೆ ಅವಕಾಶವಿಲ್ಲ." ನಗಬ್ಯಾಡ್ರಿ! ನಾವೂ ಅವತ್ತ ನಕ್ಕಿದ್ವಿ. ನಾಲ್ಕನೇ ಅರ್ಜಿಗೆ ಜವಾಬ ಇನ್ನೂ ಬಂದಿಲ್ಲ.

ಈಗ ಆ ಶನಿವಾರ.

ಮುಂಜಾನಿ ಸಾಲಿ ಬಿಟ್ಟಿತ್ತು. ಮ್ಯಾಲಿನ ಕಡೆ ಮಳಿ ಜೋರಾಗಿ ನೀರು ಏರಾಕತ್ತಿತ್ತು. ಹನ್ನೊಂದು ನಲವತ್ತಕ್ಕ ಸರ್‌ಗೆ ಫೋನ್ ಬಂತು — ಚಂದಪ್ಪಂದು. ಚಂದಪ್ಪ ಹುನಗುಂದ ಕಡಿಯಿಂದ ಕುರಿ ತಗೊಂಡು ಬಂದು ಕುರಿ ಗಡ್ಡಿಯೊಳಗ ಇರ್ತಿದ್ದ, ಜೋಡಿಗೆ ಹೆಂಡತಿ ಮಾಳವ್ವ, ವಯಸ್ಸಾದ ತಾಯಿ. "ಸರ್, ನೀರು ಗುಡಿಸಲ ತನಕ ಬಂತ್ರಿ. ದಾಟಿಸಿದ ಹರಗೋಲಿನವ ಫೋನ್ ಎತ್ತವಲ್ಲ" ಅಂದ.

ದಂಡಿ ಮ್ಯಾಲ ಇಂಥಾದ್ದಕ್ಕಂತ ಅದ ಆಫೀಸಿನವರು ಒಂದು ಇಂಜಿನ್ ದೋಣಿ ಇಟ್ಟಾರ, ಹೊಸಾದು. ಶೆಡ್ಡಿನ್ಯಾಗ ಕೀಲಿ ಹಾಕಿ ಇಟ್ಟಾರ. ಸರ್ ನನಗ ಫೋನ್ ಮಾಡಿದ್ರು — "ಟೀಚರ್, ನಿಮ್ಮ ಮಾತು ಮಂದಿ ಕೇಳ್ತಾರ. ಕೀಲಿ ಯಾರ ಕಡೆ ಐತಿ ವಿಚಾರಸ್ರಿ. ನನ್ನ ದೋಣಿಗಿಂತ ಅದು ಛಲೋ." ಕೇಳಿದ್ರೇನು? ಮೊದಲ ತಮ್ಮ ದೋಣಿ ತಗೊಂಡು ಓಡಲಿಲ್ಲ ಅವರು!

ನಾ ಒಂಬತ್ತು ಫೋನ್ ಮಾಡಿದೆ. ನನ್ನ ಮೊಬೈಲಿನ್ಯಾಗ ಟೈಮಿನ ಸಮೇತ ಐತಿ. ಕೀಲಿ ಸ್ಟೋರಿನವರ ಕಡೆ. ಸ್ಟೋರಿನವರು ಬಾದಾಮಿಗೆ ಲಗ್ನಕ್ಕ ಹೋಗ್ಯಾರ. ಕೀಲಿ ಒಡೀರಿ ಅಂದೆ. "ಸಾಹೇಬ್ರ ಲಿಖಿತ ಆದೇಶ ಬೇಕು" ಅಂದ್ರು. ಸಾಹೇಬ್ರು? ಮೀಟಿಂಗಿನ್ಯಾಗ. ಅವರಿಗೊಂದು ಚೀಟಿ ಕೊಡ್ರಿ, ಮೂರು ಜೀವ ಅದಾವು ಅಂದೆ. "ಮೀಟಿಂಗಿನ ನಡುವ ಹೋಗಾಕ ಬರಂಗಿಲ್ರಿ ಮೇಡಂ."

ಮಧ್ಯಾಹ್ನ ಒಂದು ಇಪ್ಪತ್ತರ ತನಕ ಸರ್ ಆ ಶೆಡ್ಡಿನ ಬಾಗಲದಾಗ ನಿಂತು ದಾರಿ ಕಾದ್ರು. ನಾನೂ ಅಷ್ಟರಾಗ ಆಟೋ ಹಿಡದು ಅಲ್ಲಿ ಮುಟ್ಟಿದ್ದೆ. ಸರ್ ಒಮ್ಮಿ ಗಾಳಿ ನೋಡಿದ್ರು, ಒಮ್ಮಿ ನನ್ನ ಮಾರಿ ನೋಡಿದ್ರು. "ಇನ್ನ ಆಗಂಗಿಲ್ಲ ಟೀಚರ್" ಅಂದ್ರು. ಎಪ್ಪತ್ತು ದಾಟಿದ ಗುರಪ್ಪಜ್ಜ ಕರೀದನ ಬಂದು ಹುಟ್ಟು ಹಿಡದ್ರು.

ಗಾಳಿ ಎದುರಿತ್ತು. ಎದುರು ಗಾಳಿಗೆ ಹಾಯಿ ದೋಣಿ ಸೀದಾ ಹೋಗಂಗಿಲ್ಲ, ಹಾವು ಹರದಂಗ — ಹಿಂಗ, ಹಿಂಗ — ಅಡ್ಡಡ್ಡ ಹೋಗಬೇಕು. ನಾವು ದಂಡಿ ಮ್ಯಾಲ ನಿಂತು ಕೆಂಪು ದಡಿ ಕಾಣೂದನ್ನ, ಮಾಯ ಆಗೂದನ್ನ ನೋಡಿದ್ವಿ. ಮೊದಲನೇ ಸಲ ಮುದುಕಿನ, ಮಾಳವ್ವನ ಕರಕೊಂಡು ಬಂದ್ರು. ಮಾಳವ್ವನ ಮಡಲಾಗ ಒಂದು ಕುರಿಮರಿ. "ಆ ಗಾಳ್ಯಾಗ ಐದು ಮಂದಿ ಬ್ಯಾಡ ಅಂತ ಚಂದಪ್ಪನ್ನ ಬಿಟ್ಟು ಬಂದೇನಿ, ತರ್ತೇನಿ" ಅಂದ್ರು ಸರ್. ನೀರು ಸುದ್ದಾ ಕುಡಿಲಿಲ್ಲ. ತಿರುಗಿ ಹೋದ್ರು.

ಮುಂದಿಂದು ಚಂದಪ್ಪ ನನಗ ಹೇಳಿದ್ದು. ಅವ ಹಠಾ ಹಿಡದನಂತ — "ಕುರಿ ಬಿಟ್ಟು ನಾ ಬರಂಗಿಲ್ರಿ ಸರ್. ಹೋಗ್ರಿ ನೀವು." ಸರ್ ಬೈಲಿಲ್ಲಂತ. ಮೊಣಕಾಲ ಮಟ ನೀರಾಗ ನಿಂತು, "ಚಂದಪ್ಪಾ, ಕುರಿನ ಮ್ಯಾಲಿನ ಬಂಡೆಗಲ್ಲಿಗೆ ಹತ್ತಸೂಣು ನಡಿ. ನೀರು ಅಲ್ಲೀ ತನಕ ಬರಂಗಿಲ್ಲ, ನಾ ಹನ್ನೊಂದು ವರ್ಷ ಅಳತಿ ಮಾಡೇನಿ. ಆದ್ರ ನಿನ್ನ ಬಿಟ್ಟು ಹೋಗಿ ಮಾಳವ್ವಗ ಏನ್ ಹೇಳ್ಲಿ ನಾ?" ಅಂದ್ರಂತ. ಮೂರೂ ಮಂದಿ ಕೂಡಿ ಕುರಿನ ಮ್ಯಾಲ ಹತ್ತಿಸಿದ್ರು. ಆಮ್ಯಾಲ ಚಂದಪ್ಪ ದೋಣಿ ಹತ್ತಿದ.

ಅರ್ಧಾ ದಾರಿಗೆ ಸರ್ ಹಗ್ಗ ಅಜ್ಜನ ಕೈಗೆ ಕೊಟ್ರು. "ಸ್ವಲ್ಪ ಹಿಡಿ ಅಜ್ಜಾ, ಎದಿ ಹಿಡದಂಗ ಆಗೈತಿ" ಅಂದ್ರು. ಹಲಗಿಗೆ ಬೆನ್ನು ಹಚ್ಚಿ ಕುಂತ್ರು. ಹಾಯಿ ಹಗ್ಗ ಎಂದೂ ಮುಟ್ಟದ ಗುರಪ್ಪಜ್ಜ, ಅವರು ಕಣ್ಣಿಲೆ ತೋರಿಸಿದಂಗ ಎಳದು, ಬಿಟ್ಟು, ದೋಣಿನ ದಂಡಿಗೆ ಮುಟ್ಟಿಸಿದ್ರು. ಒಂದು ಹನಿ ನೀರು ಒಳಗ ಬಂದಿರಲಿಲ್ಲ. ಮೂರೂವರಿ ಆಗಿತ್ತು.

ಮೂರು ಮೂವತ್ತೈದಕ್ಕ ಜೀಪು ಬಂತು. ಕೀಲಿ ಬಂತು! ಸಾಹೇಬ್ರು ಇಳದು ಮೊದಲ ಕೇಳಿದ ಮಾತು ಯಾವದು ಗೊತ್ತೇನ್ರಿ? ಸರ್ ಉಸುಕಿನ ಮ್ಯಾಲ ಮಲಗ್ಯಾರ, ನಾ ತಲಿ ಹಿಡಕೊಂಡು ಕುಂತೇನಿ, ಅವರು ಕೇಳ್ತಾರ — "ಈ ದೋಣಿಗೆ ಲೈಸೆನ್ಸ್ ಐತೇನು?"

ಆ ಜೀಪು ಅಲ್ಲೇ ನಿಂತಿತ್ತು. ಅದರಾಗ ಹಾಕ್ಕೊಂಡು ಹೋಗ್ರಿ ಅಂತ ಅವರೂ ಅನಲಿಲ್ಲ. ಖರೆ ಹೇಳ್ತೇನಿ — ನನಗೂ ಹೊಳಿಲಿಲ್ಲ. ನನ್ನನ್ನ ತಂದ ಆಟೋದಾಗ ಹಾಕ್ಕೊಂಡು ದವಾಖಾನಿಗೆ ಓಡಿದ್ವಿ. ದಾರ್ಯಾಗ ಹೋದ್ರು. ಹೃದಯ ನಿಂತೈತಿ ಅಂತ ಡಾಕ್ಟರ್ ಬರದು ಕೊಟ್ಟಾರ. ನೀರು ಅಲ್ಲ. ದೋಣಿ ಅಲ್ಲ. ಒಂದು ಕೀಲಿ ಸಲುವಾಗಿ ಎದುರು ಗಾಳಿಗೆ ಎರಡು ಸಲ ಹೋಗಿ ಬಂದ ಐವತ್ನಾಲ್ಕು ವರ್ಷದ ಹೃದಯ.

ಮರುದಿನ ನೀರು ನಿಂತಿತ್ತು. ಸರ್ ಹೇಳಿದ ಬಂಡೆಗಲ್ಲಿನ ಮ್ಯಾಲ ಕುರಿ ಅಷ್ಟೂ ಜೀವಂತ ಇದ್ವು. ಅವತ್ತ ಇಂಜಿನ್ ದೋಣಿ ಹೋತು. ಸಾಹೇಬ್ರು ಕುರಿ ಜೋಡಿ ಫೋಟೋ ತಗಿಸಿಕೊಂಡ್ರು. "ಮೂವರ ರಕ್ಷಣೆ" ಅಂತ ಅವರ ಹೆಸರಿಲೆ ಪೇಪರಿನ್ಯಾಗ ಬಂತು. ಕೆಳಗ, ಸಣ್ಣ ಅಕ್ಷರದಾಗ, ದುಸ್ಸಾಹಸ!

ಮತ್ತ ಸಿದ್ದವ್ವನ್ನ ಜಪ್ತಿ ಮಾಡಿ ಆಫೀಸಿನ ಕಂಪೌಂಡಿನ್ಯಾಗ ಒಗದಾರ. ಶೀಲಾ ಅಕ್ಕಾರು ಹನ್ನೊಂದು ವರ್ಷದಾಗ ಒಮ್ಮಿನೂ ಆ ದೋಣಿ ಹತ್ತಿದವರಲ್ಲ. "ನನ್ನ ಸವತಿ" ಅಂತ ಚ್ಯಾಷ್ಟಿ ಮಾಡ್ತಿದ್ರು. ಮೊನ್ನೆ ನನಗ, "ನಿಖತ, ನಡಿ, ನೋಡಿ ಬರೂಣು" ಅಂದ್ರು. ಹೋದ್ವಿ. ಬಿಸಲಿಗೆ ಹಲಗಿ ಬಾಯಿ ಬಿಡಾಕತ್ತಾವು. ಅಕ್ಕಾರು ಅಳಲಿಲ್ಲ. ಸಿಪಾಯಿ ಕಡೆ ಬಕೀಟು ಇಸಗೊಂಡ್ರು. ನಳದಿಂದ ನೀರು ಹೊತ್ತು ಹೊತ್ತು ತಂದು ದೋಣಿ ತುಂಬ ಸುರವಿದ್ರು. "ಒಣಗಿದ್ರ ಸಾಯ್ತೈತಿ ಅಂತಿದ್ರು ಅವರು" ಅಂದ್ರು. ಸಿಪಾಯಿನೂ ಎರಡು ಬಕೀಟು ತಂದು ಹಾಕಿದ.

ವಿಚಾರಣೆ ವರದಿ ತಯಾರಾಗಾಕತ್ತೇತಿ. ಅದರಾಗ ಒಂದು ಸಾಲು ನನಗ ತೋರಿಸಿದ್ರು. "ಸ್ಥಳದಲ್ಲಿ ಪ್ರತ್ಯಕ್ಷದರ್ಶಿಗಳು ಲಭ್ಯವಿರಲಿಲ್ಲ." ಇರಲಿಲ್ಲ? ಅವತ್ತ ದಂಡಿ ಮ್ಯಾಲ ನಲವತ್ತು ಮಂದಿ ಇದ್ರು, ಮೊಬೈಲ್ ಹಿಡದು ವಿಡಿಯೋ ಮಾಡಿಕೊಂತ. ಈ ಸಭಾದಾಗ ನಾ ಎಣಿಸೇನಿ — ಹದಿಮೂರು ಮಂದಿ ಕುಂತೀರಿ. ನಾನೂ ಹತ್ತು ದಿನ ಬಾಯಿ ಮುಚಕೊಂಡಿದ್ದೆ. "ಟೀಚರ್, ಸರಕಾರಿ ನೌಕರಿ, ಯಾಕ ಬೇಕು?" ಅಂತ ನನ್ನ ಹಿತದವರ ಅಂದ್ರು. ನನಗ ನನ್ನ ಮ್ಯಾಲೂ ಸಿಟ್ಟೈತಿ.

ಬಾಗಲದ ಹತ್ರ ಮೇಜಿನ ಮ್ಯಾಲ ಒಂದು ಹೇಳಿಕೆ ಇಟ್ಟೇನಿ. ಏನ್ ನಡೀತು, ಎಷ್ಟು ಗಂಟೆಕ್ಕ ನಡೀತು, ಅಷ್ಟ ಬರದೈತಿ. ಮೊದಲನೇ ಸಹಿ ನಂದು. ಎರಡನೇದು ಗುರಪ್ಪಜ್ಜಂದು, ಮೂರನೇದು ಚಂದಪ್ಪಂದು. ಸೋಮವಾರ ಶೀಲಾ ಅಕ್ಕಾರು, ನಾನು ಹೋಗಿ ಕೊಟ್ಟು ಬರ್ತೀವಿ, ದೋಣಿ ಕೇಳಿ ಬರ್ತೀವಿ. ಕಂಡವರು ಸಹಿ ಮಾಡ್ರಿ. ಕಾಣದವರು ಮಾಡಬ್ಯಾಡ್ರಿ, ಸರ್‌ಗೆ ಸುಳ್ಳು ಸೇರ್ತಿರಲಿಲ್ಲ.

ಇನ್ನ ದಯವಿಟ್ಟು ಎಲ್ಲರೂ ಎದ್ದು ನಿಲ್ರಿ. ಎರಡು ನಿಮಿಷ, ನಮ್ಮ ಶಂಕರಲಿಂಗ ಸರ್ ಸಲುವಾಗಿ. ಗುರಪ್ಪಜ್ಜಾ, ನಿಮ್ಮ ಮೊಣಕಾಲು ನೋವೈತಿ, ನೀವು ಕುಂತ ಇರ್ರಿ... ಇಲ್ಲಂತೀರಿ? ಆತು, ಏಳ್ರಿ. ಚಂದಪ್ಪಾ, ಅಜ್ಜನ ಕೈ ಹಿಡಿ.

ಮೌನ.